ಚಿಕಾಗೋದಲ್ಲಿ ಕೇಳಿದ ಹೊಳೆ

ವಯಸ್ಸಾದಾಗ ಕಿವಿ ಒಮ್ಮೆಲೇ ಮುಚ್ಚಿಹೋಗುವುದಿಲ್ಲ. ತೆಳ್ಳಗಿನ ದನಿಗಳು ಮೊದಲು ಹೋಗುತ್ತವೆ. ನನಗೆ ಮೊದಲು ಹೋದದ್ದು ಹಿತ್ತಿಲ ಹಕ್ಕಿಗಳ ಚಿಲಿಪಿಲಿ, ಆಮೇಲೆ ಮಕ್ಕಳ ಮಾತು. ಕಿವಿಯೊಳಗೆ ಬಸವನಹುಳುವಿನ ಚಿಪ್ಪಿನಂಥ ಒಂದು ಸುರುಳಿ ಇದೆ. ತೆಳುದನಿಯನ್ನು ಹಿಡಿಯುವ ಕಣಗಳು ಅದರ ಬಾಗಿಲಲ್ಲೇ ಇರುತ್ತವಂತೆ, ಹಾಗಾಗಿ ಅವೇ ಮೊದಲು ಸವೆಯುತ್ತವೆ. ಪುಟಾಣಿಗಳೇ, ನಿಮ್ಮ ಅಜ್ಜ ಮೂರು ಸಲ "ಏನು?" ಎಂದರೆ ಕಿರುಚಬೇಡಿ. ಎದುರಿಗೆ ಬಂದು ನಿಧಾನವಾಗಿ ಹೇಳಿ, ಸಾಕು.

ನಾನು ಕಿವಿಗೆ ಯಂತ್ರ ಹಾಕಿಸಿಕೊಂಡಿದ್ದೇನೆ. ಮಾತಿಗೆ ಪರವಾಗಿಲ್ಲ, ಸಂಗೀತಕ್ಕೆ ಅಷ್ಟಕ್ಕಷ್ಟೆ. ಪಿಟೀಲು ತಗಡು ಕೆರೆದ ಹಾಗೆ ಕೇಳತೊಡಗಿದ ಮೇಲೆ ಶಿವಮೊಗ್ಗದಲ್ಲಿ ರಾಮನವಮಿ ಕಚೇರಿಗಳಿಗೆ ಹೋಗುವುದನ್ನೂ ಬಿಟ್ಟೆ. ಕಳೆದ ಬೇಸಿಗೆಯಲ್ಲಿ ಚಿಕಾಗೋದ ಮಗಳ ಮನೆಗೆ ಹೋಗಿದ್ದಾಗ, "ಅಪ್ಪಾ, ಪಾರ್ಕಿನಲ್ಲಿ ಆರ್ಕೆಸ್ಟ್ರಾ ಇದೆ, ಟಿಕೆಟ್ ಕೂಡ ಇಲ್ಲ" ಎಂದಳು. "ನನಗೇನು ಕೇಳುತ್ತೆ, ನೀವು ಹೋಗಿ ಬನ್ನಿ" ಎಂದೆ. ಹನ್ನೊಂದು ವರ್ಷದ ಮೊಮ್ಮಗಳು ಎದುರಿಗೆ ಬಂದು ನಿಂತು ಹೇಳಿದಳು: "ಅಜ್ಜ, ಇದನ್ನ ಬರೆದವರಿಗೂ ಕಿವಿ ಕೇಳ್ತಿರಲಿಲ್ಲ."

ಹೊರಟೆ.

ಅವಳು ಹೇಳಿದ್ದು ಬೆದ್ರಿಖ್ ಸ್ಮೆತಾನಾ ಎಂಬವರ ವಿಷಯ. ಚೆಕ್ ನಾಡಿನವರು. 1874ರ ಅಕ್ಟೋಬರಿನಲ್ಲಿ, ಐವತ್ತನೇ ವಯಸ್ಸಿನಲ್ಲಿ, ಅವರಿಗೆ ಎರಡೂ ಕಿವಿ ಪೂರ್ತಿ ಹೋದವು. ನವೆಂಬರ್ 20ಕ್ಕೆ ತಮ್ಮ ನಾಡಿನ ನದಿ ವ್ಲ್ತಾವಾ ಕುರಿತು ಬರೆಯಲು ಕೂತು, ಡಿಸೆಂಬರ್ 8ಕ್ಕೆ ಮುಗಿಸಿದರು. ಹತ್ತೊಂಬತ್ತು ದಿನ! ಕಿವುಡಾದ ಮೇಲೂ ಅವರ ಕಿವಿಯೊಳಗೆ ಒಂದು ಸಿಳ್ಳೆ ಕೂಗುತ್ತಿತ್ತಂತೆ. ಎರಡು ವರ್ಷದ ನಂತರ ಬರೆದ ಇನ್ನೊಂದು ಕೃತಿಯಲ್ಲಿ ಆ ಸಿಳ್ಳೆಯನ್ನೂ ಪಿಟೀಲಿನ ಒಂದೇ ಎತ್ತರದ ಸ್ವರವಾಗಿ ಇಟ್ಟಿದ್ದಾರೆ. ನನ್ನ ಕಿವಿಯಲ್ಲೂ ರಾತ್ರಿ ಜೀರುಂಡೆ ಕೂಗುತ್ತದೆ. ಅದನ್ನು ನಾನು ಡಾಕ್ಟರಿಗೆ ಹೇಳಿದ್ದೆನೇ ಹೊರತು, ಅದಕ್ಕೂ ಒಂದು ಉಪಯೋಗವಿದೆ ಎಂದು ಗೊತ್ತಿರಲಿಲ್ಲ.

ಕಚೇರಿ ನಡೆದದ್ದು ಊರ ನಡುವಿನ ಮಿಲೇನಿಯಂ ಪಾರ್ಕಿನಲ್ಲಿ. ಅಲ್ಲಿ ಬೇಸಿಗೆಯ ಸಂಜೆಗಳಲ್ಲಿ ಹುಲ್ಲಿನ ಮೇಲೆ ಕೂತು ಪುಕ್ಕಟೆ ಕೇಳಬಹುದು. ಜನ ಜಮಖಾನ, ಬುತ್ತಿ, ಹಸುಗೂಸು ಎಲ್ಲವನ್ನೂ ಹೊತ್ತು ತರುತ್ತಾರೆ. ನಮ್ಮಾಕೆ ಚಿತ್ರಾನ್ನ, ಕೋಡುಬಳೆ ಕಟ್ಟಿಕೊಂಡಿದ್ದಳು. ಹುಲ್ಲುಹಾಸಿನ ಮೇಲೆ ಉಕ್ಕಿನ ಕೊಳವೆಗಳ ದೊಡ್ಡ ಚಪ್ಪರ, ಅದರ ತುಂಬ ಸ್ಪೀಕರುಗಳು. ಇಲ್ಲೊಂದು ಜಾಣತನವಿದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಓಡುತ್ತದೆ, ತಂತಿಯಲ್ಲಿ ಬರುವ ವಿದ್ಯುತ್ತು ಅದಕ್ಕಿಂತ ಎಷ್ಟೋ ಬೇಗ. ಹಾಗೇ ಬಿಟ್ಟರೆ ಹಿಂದೆ ಕೂತವರಿಗೆ ಒಂದೇ ಸ್ವರ ಎರಡು ಸಲ ಕೇಳೀತು. ಅದಕ್ಕೆ ಹಿಂದಿನ ಸ್ಪೀಕರುಗಳು ಚೂರು ತಡೆದು ನುಡಿಯುತ್ತವೆ, ವೇದಿಕೆಯ ದನಿಗೂ ಅದಕ್ಕೂ ಜೋಡಿ ಕೂಡುತ್ತದೆ.

ಮೊದಲನೆಯದೇ ವ್ಲ್ತಾವಾ. ("ಏನ್ರೀ ಅದು, ಉಲ್ಟಾವಾ?" ಎಂದಳು ನಮ್ಮಾಕೆ.) ವೇದಿಕೆಯಲ್ಲಿ ಕೊಳಲು ಹಿಡಿದವರ ಬೆರಳು ಚಕಚಕನೆ ಆಡುತ್ತಿತ್ತು. ನನಗೆ ಏನೂ ಇಲ್ಲ, ಗಾಳಿಯ ಬುಸ್ಸು ಮಾತ್ರ. ನನ್ನ ಮುಖ ನೋಡಿದ ಮೊಮ್ಮಗಳು ನನ್ನ ಅಂಗೈ ಎಳೆದುಕೊಂಡು ಅದರ ಮೇಲೆ ಒಂದು ಬೆರಳನ್ನು ಇರುವೆಯ ಹಾಗೆ ಓಡಿಸಿದಳು. "ಅಜ್ಜ, ಇದು ಒಂದು ಸಣ್ಣ ನೀರು." ಸ್ವಲ್ಪ ಹೊತ್ತಿಗೆ ಇನ್ನೊಂದು ಬೆರಳು. "ಇದು ಎರಡನೇದು. ಒಂದು ತಣ್ಣಗೆ, ಒಂದು ಬೆಚ್ಚಗೆ." ಎರಡೂ ಬೆರಳು ಅಂಗೈ ನಡುವೆ ಸೇರಿದವು. ಆಗ ಪಿಟೀಲುಗಳೆಲ್ಲ ಒಟ್ಟಾಗಿ ಎದ್ದವು, ಕೆಳಗಿನಿಂದ ಆಳೆತ್ತರದ ಡಬಲ್ ಬಾಸುಗಳ ದನಿ ಸೇರಿತು. ಅದು ಕೇಳಿತು. ಕೂತ ನೆಲದಲ್ಲೂ ಬಂದ ಹಾಗಿತ್ತು.

ನಾನು ಹುಟ್ಟಿದ್ದು ಕೂಡಲಿಯ ಹತ್ತಿರ. ತುಂಗೆ ಒಂದು ಕಡೆಯಿಂದ, ಭದ್ರೆ ಇನ್ನೊಂದು ಕಡೆಯಿಂದ ಬಂದು ಅಲ್ಲಿ ತುಂಗಭದ್ರೆಯಾಗುತ್ತಾರೆ. ನನ್ನಮ್ಮ ಸಂಕ್ರಾಂತಿಗೆ ಅಲ್ಲಿ ಮುಳುಗಿಸಿ ತೆಗೆಯುತ್ತಿದ್ದಳು. ಕೋಟು ತೊಟ್ಟ ಬಿಳಿಯರು ಕೂತು ನುಡಿಸುತ್ತಿದ್ದದ್ದು ನನಗೆ ಗೊತ್ತಿದ್ದ ನೀರನ್ನೇ. ಪಾಶ್ಚಾತ್ಯ ಸಂಗೀತದ ಅ ಆ ಇ ಈ ನನಗೆ ಬಾರದು, ಆ ಹೊತ್ತಿನಲ್ಲಿ ಬೇಕಾಗಲೂ ಇಲ್ಲ.

ಮೊಮ್ಮಗಳು ಹೇಳುತ್ತ ಹೋದಳು. ಕಹಳೆ ಬಂದಾಗ "ಕಾಡಲ್ಲಿ ಬೇಟೆ". ಕುಣಿತ ಬಂದಾಗ "ಹಳ್ಳಿ ಮದುವೆ!" ಆಮೇಲೆ ಎಲ್ಲ ಮೆತ್ತಗಾಗಿ, "ರಾತ್ರಿ, ಚಂದ್ರ, ನೀರಿನ ದೇವತೆಗಳು." ಸರಿಯಾಗಿ ಆಗಲೇ ನಮ್ಮಾಕೆ ಕೋಡುಬಳೆ ಕಡಿದಳು. ನನಗೆ ಕೇಳಲಿಲ್ಲ, ಸುತ್ತಲ ನಾಲ್ಕು ಜಮಖಾನದವರಿಗೆ ಕೇಳಿತು. ಕೊನೆಗೆ ಹೊಳೆ ಬಂಡೆಗಳಿಗೆ ಅಪ್ಪಳಿಸುವ ಜಾಗ. ಅದಕ್ಕೆ ಅವಳ ಹತ್ತಿರ ಕನ್ನಡ ಶಬ್ದವಿರಲಿಲ್ಲ. "ಕಲ್ಲು, ಕಲ್ಲು, ತುಂಬ ಕಲ್ಲು!" ಎಂದು ನನ್ನ ಕೈ ಕುಲುಕಿದಳು. ಈ ಹುಡುಗಿ ನನ್ನೊಡನೆ ಇಷ್ಟು ಹೊತ್ತು ಬರೀ ಕನ್ನಡದಲ್ಲಿ ಮಾತಾಡಿದ್ದು ಅದೇ ಮೊದಲು.

ಎರಡನೆಯದು ದ್ವೊರ್ಝಾಕರ ಎಂಟನೇ ಸಿಂಫನಿ. ಕಟುಕರ ಮಗ, ಪಾರಿವಾಳ ಸಾಕುತ್ತಿದ್ದವರು, ರೈಲಿನ ಹುಚ್ಚು ಎಷ್ಟೆಂದರೆ ಸ್ಟೇಷನ್ನಿಗೆ ಹೋಗಿ ಎಂಜಿನ್ ನಂಬರ್ ಗುರುತು ಹಾಕಿಕೊಳ್ಳುತ್ತಿದ್ದರು. ಇದೇ ಕೃತಿಯನ್ನು ಅವರು ಇದೇ ಚಿಕಾಗೋದಲ್ಲಿ, 1893ರ ವಿಶ್ವಮೇಳದಲ್ಲಿ, ಆಗಸ್ಟ್ 12ರಂದು ತಾವೇ ನಿಂತು ನುಡಿಸಿದ್ದರು. ಅದೇ ಮೇಳದ ಅಂಗವಾಗಿ ಸೆಪ್ಟೆಂಬರ್ 11ಕ್ಕೆ ನಡೆದ ಧರ್ಮಸಮ್ಮೇಳನದಲ್ಲಿ ಮಾತಾಡಿದವರು ಯಾರೆಂದು ಮಕ್ಕಳಿಗೆ ಹೇಳಬೇಕಿಲ್ಲ. ನಡುವೆ ಮೂವತ್ತು ದಿನ. ಲೆಕ್ಕ ಬ್ಯಾಂಕಿನವನದು, ತಪ್ಪಿಲ್ಲ. ಸ್ವಾಮಿ ವಿವೇಕಾನಂದರು ಮಾತಾಡಿದ ಕಟ್ಟಡ ಪಾರ್ಕಿನ ಪಕ್ಕದಲ್ಲೇ ಇದೆ, ಈಗ ಆರ್ಟ್ ಇನ್‌ಸ್ಟಿಟ್ಯೂಟ್. ಬೆಳಿಗ್ಗೆಯೇ ಹೋಗಿ ಕೈಮುಗಿದು ಬಂದಿದ್ದೆ.

ಈ ಸಿಂಫನಿ ಚೆಲ್ಲೋಗಳ ದಪ್ಪ ದನಿಯಲ್ಲಿ ಶುರುವಾಗುತ್ತದೆ, ನನ್ನಂಥವರಿಗೆ ಅನುಕೂಲ. ಅದರ ಬೆನ್ನಿಗೇ ಕೊಳಲಿನಲ್ಲಿ ಒಂದು ಹಕ್ಕಿ ಕೂಗುತ್ತದೆ. ಅದು ಮಾತ್ರ ನನಗೆ ಕೇಳಿತೆಂದೇ ಹೇಳುತ್ತೇನೆ. ಕೇಳಿತೋ, ಬೆರಳಿನ ಆಟ ನೋಡಿ ಹಾಗನ್ನಿಸಿತೋ, ನಮ್ಮಾಕೆಗೆ ಈಗಲೂ ಅನುಮಾನ.

ಸ್ಮೆತಾನಾ ತೀರಿಕೊಂಡದ್ದು 1884ರ ಮೇ 12ರಂದು. ಪ್ರತಿ ವರ್ಷ ಅದೇ ದಿನ ಪ್ರಾಗ್ ನಗರದ ಸಂಗೀತೋತ್ಸವ ಅವರ ಆ ನದಿಯೂ ಸೇರಿದ ಆರು ಕೃತಿಗಳಿಂದ ಶುರುವಾಗುತ್ತದೆ. ಮನೆಗೆ ಹೋಗುವ ರೈಲಿನಲ್ಲಿ ಇದನ್ನು ಓದಿ ಹೇಳಿದ ಮೊಮ್ಮಗಳು, "ಅಜ್ಜ, ನಿಮ್ಮ ಹೊಳೆ ಹೇಗೆ ಶಬ್ದ ಮಾಡುತ್ತೆ?" ಎಂದು ಕೇಳಿದಳು. ಬಾಯಲ್ಲಿ ಮಾಡಿ ತೋರಿಸಲು ನೋಡಿದೆ, ಎದುರು ಸೀಟಿನವರು ನಕ್ಕರು.

ಈಗ ಅವಳಿಗೆ ಕೂಡಲಿಗೆ ಬಂದು ಅದನ್ನು ರೆಕಾರ್ಡ್ ಮಾಡಬೇಕಂತೆ. ಮಗಳು ಡಿಸೆಂಬರ್ ಎನ್ನುತ್ತಾಳೆ. ಡಿಸೆಂಬರಿನಲ್ಲಿ ನೀರು ಕಡಿಮೆ, ಸದ್ದು ಇರುವುದಿಲ್ಲ, ಜುಲೈಯಲ್ಲಿ ಬನ್ನಿ ಎಂದು ಹೇಳಿದ್ದೇನೆ. ರಜೆ ನೋಡಿ ತಿಳಿಸುತ್ತಾಳಂತೆ.