ಬೀಟ್‌ರೂಟಿನ ಕೀರ್ತಿ

ತರಕಾರಿಗಳಿಗೂ ದೆಸೆಯೆಂಬುದೊಂದು ಉಂಟು. ನಮ್ಮ ಮನೆಯಲ್ಲಿ ಹಿಂದೆ ಬೀಟ್‌ರೂಟಿಗೆ ಹೆಚ್ಚಿನ ಮರ್ಯಾದೆಯಿರಲಿಲ್ಲ. ಪಲ್ಯ ಮಾಡಿದ ದಿನ ಅನ್ನವೆಲ್ಲ ಕೆಂಪು. ಎಲೆಯ ಮೇಲಣ ಮಜ್ಜಿಗೆಯೂ ಕೆಂಪು. 'ತಿನ್ನು, ಮೈಗೆ ರಕ್ತವಾಗುತ್ತದೆ' ಎಂದು ಅಜ್ಜಿ ಬಡಿಸುತ್ತಿದ್ದರು. ಬಣ್ಣವನ್ನು ಕಂಡು ಗುಣವನ್ನು ಊಹಿಸುವುದು ಅವರ ವೈದ್ಯ. ಈಗಲಾದರೋ ಈ ಗೆಡ್ಡೆಗೆ ಶುಕ್ರದೆಸೆ. ಅದು ಯಕೃತ್ತನ್ನೇ ತೊಳೆದು ಶುದ್ಧಮಾಡುವುದಂತೆ!

ನಮ್ಮ ಭಾವನವರಿಗೆ ಯಕೃತ್ತಿನಲ್ಲಿ ಕೊಬ್ಬು ಸೇರಿದೆಯೆಂದು ಹೇಳಿದ ವೈದ್ಯರು, ನಿತ್ಯವೂ ನಡೆಯಬೇಕು, ತೂಕವಿಳಿಸಬೇಕು, ಸಿಹಿಯನ್ನು ಬಿಡಬೇಕು ಎಂದು ವಿಧಿಸಿದರು. ಅಂದಿನಿಂದ ಅವರು ಪ್ರಾತಃಕಾಲ ಒಂದು ಲೋಟ ಬೀಟ್‌ರೂಟು ರಸವನ್ನು ತೀರ್ಥದಂತೆ ಸೇವಿಸುತ್ತಾರೆ. ಸಾಯಂಕಾಲದ ಮೈಸೂರು ಪಾಕಿಗೂ ಚ್ಯುತಿಯಿಲ್ಲ. 'ರಸ ಕುಡಿಯುತ್ತಿದ್ದೇನಲ್ಲ, ಇನ್ನೇಕೆ ಭಯ?' ಎನ್ನುತ್ತಾರೆ. ನನಗೆ ಭಯವಾಗುವುದು ಆ ಮಾತಿನಿಂದಲೇ.

ಈ ಕೀರ್ತಿಗೆ ಆಧಾರವೇ ಇಲ್ಲವೆಂದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ರಸಾಯನಜ್ಞರು ಸಕ್ಕರೆಬೀಟಿನಿಂದ ಬೇರ್ಪಡಿಸಿದ ಬೀಟೇನ್ ಎಂಬ ವಸ್ತುವು ಈ ಕೆಂಪು ಗೆಡ್ಡೆಯಲ್ಲಿಯೂ ಉಂಟು. ಇನ್ಸುಲಿನ್ನಿನ ಶೋಧದಲ್ಲಿ ಪಾಲ್ಗೊಂಡಿದ್ದ ಟೊರಾಂಟೋ ನಗರದ ಚಾರ್ಲ್ಸ್ ಬೆಸ್ಟರು 1930ರ ದಶಕದಲ್ಲಿ, ಇಲಿಗಳ ಯಕೃತ್ತಿನಲ್ಲಿ ಕೊಬ್ಬು ಸೇರದಂತೆ ಕೋಲೀನ್ ತಡೆಯುವುದೆಂದೂ ಬೀಟೇನಿಗೂ ಆ ಗುಣವಿದೆಯೆಂದೂ ಕಂಡುಕೊಂಡರು. ಆದರೆ ಇಲಿಯ ಯಕೃತ್ತು ಬೇರೆ, ಭಾವನವರದು ಬೇರೆ. 2009ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ ರೋಗಿಗಳಿಗೆ ದಿನಕ್ಕೆ 20 ಗ್ರಾಂ ಬೀಟೇನನ್ನು ಒಂದು ವರ್ಷ ಕೊಟ್ಟರೂ ಕೊಬ್ಬು ಕಡಮೆಯಾಗಲಿಲ್ಲ. ಹೆಚ್ಚದಂತೆ ಒಂದಿಷ್ಟು ತಡೆದಿರಬಹುದು, ಅಷ್ಟೆ. 100 ಗ್ರಾಂ ಬೀಟ್‌ರೂಟಿನಲ್ಲಿಯಾದರೋ ಬೀಟೇನ್ ಒಂದು ಗ್ರಾಮಿಗೂ ಬಹಳ ಕಡಮೆ. ಸಕ್ಕರೆ ಮಾತ್ರ ಸುಮಾರು 7 ಗ್ರಾಂ. ಹಿಂಡಿ ಸೋಸಿದರೆ ನಾರು ಹೋಗಿ ಸಕ್ಕರೆ ಲೋಟದಲ್ಲಿ ಉಳಿಯುವುದು.

ಯಕೃತ್ತನ್ನು ನಾವು ತೊಳೆಯಬೇಕಾಗಿಲ್ಲ. ತೊಳೆಯುವುದೇ ಅದರ ಉದ್ಯೋಗ. ಸುಮಾರು ಒಂದೂವರೆ ಕಿಲೋ ತೂಗುವ ಈ ಮೂಕಸೇವಕನು ಬಹುಕಾಲ ನೋವನ್ನೂ ತೋರಿಸನು, ಅಪಾಯವಿರುವುದು ಅಲ್ಲಿಯೇ. ಅದರ ಕ್ಷಮಾಗುಣವೂ ದೊಡ್ಡದು. ಸ್ಥೂಲಶರೀರಿಗಳು ತಮ್ಮ ತೂಕದಲ್ಲಿ ನೂರಕ್ಕೆ 7ರಿಂದ 10 ಪಾಲನ್ನು ಇಳಿಸಿಕೊಂಡರೆ, ಯಕೃತ್ತಿನ ಕೊಬ್ಬೂ ಉರಿಯೂತವೂ ಸಾಮಾನ್ಯವಾಗಿ ತಗ್ಗುವುವೆಂಬುದು ಪರೀಕ್ಷಿಸಿ ತಿಳಿದ ಮಾತು.

ಬೀಟ್‌ರೂಟು ಒಳ್ಳೆಯ ತರಕಾರಿ. ಪಲ್ಯವಾಗಿ, ಕೋಸಂಬರಿಯಾಗಿ ಎಲೆಗೆ ಬರಲಿ. ಮೈಸೂರು ಪಾಕಿನ ಪ್ರಾಯಶ್ಚಿತ್ತವಾಗಿ ಬೇಡ. ಭಾವನವರಿಗೆ ಒಬ್ಬರೇ ನಡೆಯುವುದು ಬೇಸರವಾದರೆ ಸಂಜೆ ಜೊತೆಗೆ ಹೊರಡಲು ನಾನು ಸಿದ್ಧನಾಗಿದ್ದೇನೆ.