ಅವರ ಪರವಾಗಿ ನಾವು ಆಡಿದ ಮಾತು

ಊರಿಗೆ ಹೋದಾಗಲೆಲ್ಲ ಅವ್ವ ಒಂದೇ ಪ್ರಶ್ನೆ ಕೇಳುತ್ತಾಳೆ: “ಅಲ್ಲಿ ನೀವಿಬ್ರೂ ಮಾಡೋದಾದ್ರೂ ಏನ್ ಮಗ?” ನಾವು ಅಕ್ಕ-ತಮ್ಮ ಇಬ್ಬರೂ ಬೆಂಗಳೂರಿನಲ್ಲಿ ನಿರಾಶ್ರಿತರಿಗೆ ನೆರವಾಗುವ ಒಂದು ಸಣ್ಣ ಸಂಸ್ಥೆಯಲ್ಲಿದ್ದೇವೆ. ಅಕ್ಕಿ ಹಂಚುವುದು, ಆಸ್ಪತ್ರೆಗೆ ಕರೆದೊಯ್ಯುವುದು ಬೇರೆಯವರ ಕೆಲಸ. ನಿರಾಶ್ರಿತರ ಪರವಾಗಿ ಮಾತನಾಡುವುದು ನಮ್ಮ ಕೆಲಸ. ಪತ್ರಿಕೆಗಳಿಗೆ ಬರೆಯುವುದು, ಕರಪತ್ರ ಮಾಡಿಸುವುದು, ಕಚೇರಿಗಳಿಗೆ ಮನವಿ ಕೊಡುವುದು, ದಾನಿಗಳಿಗೆ ವರದಿ ಕಳಿಸುವುದು, ಇವೆಲ್ಲದರ ಹೊಣೆ ನಮ್ಮಿಬ್ಬರದು. ಇಷ್ಟನ್ನು ವಿವರಿಸಿದರೆ ಅವ್ವ ನಗುತ್ತಾಳೆ. “ಮಾತಾಡೋಕೂ ಸಂಬಳ ಕೊಡ್ತಾರಾ?” ಎನ್ನುತ್ತಾಳೆ.

ನಮ್ಮೂರು ಉಯ್ಯಂಬಳ್ಳಿ, ಕನಕಪುರ ತಾಲೂಕಿನ ಒಂದು ಹೋಬಳಿ ಕೇಂದ್ರ. ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮ ಇಲ್ಲಿಂದ ಬಹಳ ದೂರವೇನಲ್ಲ. ಈ ಭಾಗದ ಜನ ರಾಗಿ ಬೆಳೆಯುತ್ತಾರೆ, ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುತ್ತಾರೆ, ರಾತ್ರಿ ಆನೆ ಕಾಯುತ್ತಾರೆ. ಅಪ್ಪ ಇದ್ದಾಗ ಗೂಡಿನ ಮೂಟೆ ಕಟ್ಟಿಕೊಂಡು ರಾಮನಗರದ ಮಾರುಕಟ್ಟೆಗೆ ಹೋಗುತ್ತಿದ್ದರು. ಅಲ್ಲಿ ಹರಾಜಿನಲ್ಲಿ ಕೊಳ್ಳುವ ರೀಲರುಗಳಲ್ಲಿ ಅನೇಕರು ಮುಸ್ಲಿಮರು. ನಾವು ಬೆಳೆಸಿದ ಗೂಡನ್ನು ಅವರು ಬಿಚ್ಚಿ ನೂಲಾಗಿಸುತ್ತಿದ್ದರು. ಒಬ್ಬರಿಲ್ಲದೆ ಇನ್ನೊಬ್ಬರಿಗೆ ಬದುಕಿಲ್ಲ ಎಂಬುದನ್ನು ನಾವು ಯಾವ ಪುಸ್ತಕದಿಂದಲೂ ಕಲಿಯಬೇಕಾಗಿ ಬರಲಿಲ್ಲ.

ನಿರಾಶ್ರಿತರೆಂದರೆ ಎಲ್ಲೋ ದೂರದ ಸುದ್ದಿ ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಆದರೆ ಹೊಳೆ ದಾಟಿ ಹನೂರು ಕಡೆಯ ಬೆಟ್ಟಗಳಿಗೆ ಹೋದರೆ ಒಡೆಯರಪಾಳ್ಯದ ಟಿಬೆಟನ್ ನೆಲೆ ಸಿಗುತ್ತದೆ. 1959ರಲ್ಲಿ ದಲೈ ಲಾಮಾ ಅವರ ಬೆನ್ನಿಗೇ ಹಿಮಾಲಯ ದಾಟಿ ಬಂದ ಜನರಿಗೆ ನೆಲ ಕೊಡಿ ಎಂದು ಪ್ರಧಾನಿ ನೆಹರೂ ರಾಜ್ಯಗಳನ್ನು ಕೇಳಿದಾಗ, ಮೈಸೂರು ರಾಜ್ಯ ಮುಂದೆ ಬಂದು ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಆಮೇಲೆ ಮುಂಡಗೋಡು, ಹುಣಸೂರಿನ ಗುರುಪುರ, ಒಡೆಯರಪಾಳ್ಯ ಒಂದೊಂದಾಗಿ ಸೇರಿಕೊಂಡವು. ಪೂರ್ವ ಬಂಗಾಳದಿಂದ ಬಂದ ಕುಟುಂಬಗಳಿಗೆ ಸಿಂಧನೂರಿನಲ್ಲಿ ಕ್ಯಾಂಪುಗಳಾದವು. 1964ರ ಶಾಸ್ತ್ರಿ-ಸಿರಿಮಾವೋ ಒಪ್ಪಂದದಂತೆ ಶ್ರೀಲಂಕಾದಿಂದ ಮರಳಿದ ತಮಿಳು ಕೂಲಿಗಳು ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಿಗೆ ಬಂದರು. ಬಂದವರಿಗೆ ಜಾಗ ಕೊಟ್ಟ ಚರಿತ್ರೆ ಕನ್ನಡ ನಾಡಿಗೆ ಇದೆ. ಅದನ್ನು ನೆನಪಿಸುವುದೂ ನಮ್ಮ ಕೆಲಸದ ಒಂದು ಭಾಗ.

ನಮ್ಮ ದಿನದ ದೊಡ್ಡ ಜಗಳ ಪದಗಳೊಡನೆ. ಹಿಂದಿಯವರು ಇವರನ್ನು ಶರಣಾರ್ಥಿ ಎನ್ನುತ್ತಾರೆ. ನಮ್ಮಲ್ಲಿ ‘ಶರಣು ಶರಣಾರ್ಥಿ’ ಎಂಬುದು ಎದುರಾದವರಿಗೆ ಹೇಳುವ ವಂದನೆ. ಕನ್ನಡದ ‘ನಿರಾಶ್ರಿತ’ ಎಂಬ ಪದದಲ್ಲಿ ಆಶ್ರಯ ಕಳೆದುಕೊಂಡವನ ದುಃಖವಾದರೂ ಇದೆ. ಸುದ್ದಿಯ ತಲೆಬರಹಕ್ಕೆ ಬರುವಷ್ಟರಲ್ಲಿ ಅದೇ ಮನುಷ್ಯ ‘ನುಸುಳುಕೋರ’ನಾಗಿರುತ್ತಾನೆ. ಹಾಗೆಂದ ಮೇಲೆ ಅವನು ಯಾಕೆ ಬಂದ ಎಂದು ಕೇಳುವ ಅಗತ್ಯವೇ ಓದುಗನಿಗೆ ಕಾಣುವುದಿಲ್ಲ.

ಬೆಂಗಳೂರಿನ ಉತ್ತರ ಅಂಚಿನಲ್ಲಿ ಗುಜರಿ ಬೇರ್ಪಡಿಸಿ ಬದುಕುವ ರೋಹಿಂಗ್ಯಾ ಕುಟುಂಬಗಳ ಪಾಡು ಇದೇ. ಬರ್ಮಾದ 1982ರ ಪೌರತ್ವ ಕಾನೂನು ಇವರನ್ನು ತಮ್ಮ ಹುಟ್ಟೂರಿನಲ್ಲೇ ಪರದೇಶಿಗಳನ್ನಾಗಿಸಿತು. 2017ರ ಆಗಸ್ಟ್ ನಂತರದ ಸೇನಾ ಕಾರ್ಯಾಚರಣೆಗೆ ಹೆದರಿ 7 ಲಕ್ಷಕ್ಕೂ ಹೆಚ್ಚು ಜನ ಬಾಂಗ್ಲಾದೇಶಕ್ಕೆ ಓಡಿದರು. ಭಾರತದಲ್ಲಿ ಸುಮಾರು 40 ಸಾವಿರ ಮಂದಿ ಇರಬಹುದೆಂದು ಅದೇ ವರ್ಷ ಕೇಂದ್ರ ಸರ್ಕಾರ ಹೇಳಿತು. ನಮ್ಮ ದೇಶ 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನೂ ಇಲ್ಲ. ವಿಶ್ವಸಂಸ್ಥೆಯ ನಿರಾಶ್ರಿತರ ಆಯೋಗ ಕೊಡುವ ಚೀಟಿ ಕೈಯಲ್ಲಿದ್ದರೂ ನೆಲದ ಕಾನೂನಿಗೆ ಅವರು ವಿದೇಶಿಯರು ಮಾತ್ರ.

ಹಾಗೆಂದು ನ್ಯಾಯಾಲಯಗಳ ಬಾಗಿಲು ಪೂರ್ತಿ ಮುಚ್ಚಿಲ್ಲ. ಸಂವಿಧಾನದ 21ನೇ ವಿಧಿಯ ಜೀವರಕ್ಷಣೆ ನಾಗರಿಕರಲ್ಲದವರಿಗೂ ಉಂಟೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಅರುಣಾಚಲದ ಚಕ್ಮಾ ಜನರ ಪ್ರಕರಣದಲ್ಲಿ ಹೇಳಿತು. 2021ರ ಏಪ್ರಿಲ್‌ನಲ್ಲಿ ಜಮ್ಮುವಿನ ರೋಹಿಂಗ್ಯಾಗಳ ಬಿಡುಗಡೆಗೆ ಅದು ಒಪ್ಪಲಿಲ್ಲವಾದರೂ, ನಿಗದಿತ ಕ್ರಮ ಅನುಸರಿಸದೆ ಅವರನ್ನು ಗಡೀಪಾರು ಮಾಡಬಾರದು ಎಂದಿತು. 2025ರ ಫೆಬ್ರವರಿಯಲ್ಲಿ, ಈ ಮಕ್ಕಳು ಸರ್ಕಾರಿ ಶಾಲೆಗೆ ಹೋಗಿ ಪ್ರವೇಶ ಕೇಳಬಹುದು, ನಿರಾಕರಿಸಿದರೆ ಹೈಕೋರ್ಟಿಗೆ ಹೋಗಬಹುದು ಎಂದಿತು. ವಯಸ್ಸಿನ ದಾಖಲೆ ಇಲ್ಲವೆಂದು ಮಗುವನ್ನು ವಾಪಸು ಕಳಿಸಬಾರದೆಂಬುದು 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಇಂಥ ಎರಡು ಸಾಲನ್ನು ಸರಳ ಕನ್ನಡದಲ್ಲಿ ಬರೆದು ಮುಖ್ಯೋಪಾಧ್ಯಾಯರ ಮೇಜಿನ ಮೇಲಿಟ್ಟರೆ ಒಂದು ಮಗು ಶಾಲೆ ಸೇರುವುದುಂಟು. ನಮ್ಮ ಮಾತಿಗೆ ಸಂಬಳ ಬರುವುದು ಇಂಥ ದಿನಗಳಿಗಾಗಿ ಎಂದು ನಾವು ಸಮಾಧಾನ ಪಟ್ಟುಕೊಳ್ಳುತ್ತೇವೆ.

ಆದರೆ ಈ ಬರಹ ಆ ಸಮಾಧಾನದ ಬಗ್ಗೆ ಅಲ್ಲ. ಅದೇ ಮಾತು ಒಂದು ಮನೆಯನ್ನು ಎಬ್ಬಿಸಿದ ಬಗೆಯನ್ನು ಹೇಳದಿದ್ದರೆ ನಾವು ಅರ್ಧ ಸತ್ಯ ಹೇಳಿದಂತಾಗುತ್ತದೆ.

ಕೆಲವು ವರ್ಷಗಳ ಹಿಂದೆ ನಾವೊಂದು ಕರಪತ್ರ ಮಾಡಿಸಿದೆವು. ಮುಖಪುಟಕ್ಕೆ ಒಂಬತ್ತು ವರ್ಷದ ಒಬ್ಬಳು ಹುಡುಗಿಯ ಚಿತ್ರ. ಮೂರನೇ ತರಗತಿ. ತಗಡಿನ ಶೆಡ್ಡಿನ ಮುಂದೆ ಕೂತು ಕಾಪಿ ಪುಸ್ತಕದಲ್ಲಿ ದುಂಡಗೆ ‘ಅಮ್ಮ, ಮನೆ, ಮರ’ ಎಂದು ಬರೆಯುತ್ತಿದ್ದಳು. ಕನ್ನಡ ಕಲಿತ ರೋಹಿಂಗ್ಯಾ ಮಗು! ಇದಕ್ಕಿಂತ ಒಳ್ಳೆಯ ಚಿತ್ರ ನಮಗೆ ಎಲ್ಲಿ ಸಿಗಬೇಕು? ಅವಳ ತಂದೆಯನ್ನು ಕೇಳಿದೆವು, ಅವರು ತಲೆಯಾಡಿಸಿದರು. ಹಾಳೆ ಮುಂದಿಟ್ಟೆವು, ಹೆಬ್ಬೆಟ್ಟು ಒತ್ತಿದರು. ಹಿಂದಿನ ವಾರವಷ್ಟೇ ನಮ್ಮ ಸಂಸ್ಥೆ ಆ ಮನೆಗೆ ಅಕ್ಕಿ ಕೊಟ್ಟಿತ್ತು. ಅಕ್ಕಿ ಕೊಟ್ಟವರು ಕೇಳಿದಾಗ ಇಲ್ಲವೆನ್ನುವ ಸ್ವಾತಂತ್ರ್ಯ ಆ ಮನುಷ್ಯನಿಗೆ ಇತ್ತೇ ಎಂದು ಆ ಹೊತ್ತಿಗೆ ನಮಗೆ ತೋಚಲಿಲ್ಲ.

ಕರಪತ್ರ ಚೆನ್ನಾಗಿ ಓಡಿತು. ದಾನಿಗಳು ಮೆಚ್ಚಿದರು. ಮೂರು ವಾರದ ಮೇಲೆ ಅದೇ ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹರಿದಾಡತೊಡಗಿತು. ನಮ್ಮ ಬರಹ ಕತ್ತರಿಸಿ ಹೋಗಿತ್ತು. ಅದರ ಜಾಗದಲ್ಲಿ, ನಮ್ಮ ಮಕ್ಕಳ ಶಾಲೆಯಲ್ಲಿ ನುಸುಳುಕೋರರಿದ್ದಾರೆ ಎಂಬ ಎಚ್ಚರಿಕೆ. ಶೆಡ್ಡಿನ ಹಿಂದಿದ್ದ ನೀರಿನ ಟ್ಯಾಂಕನ್ನು ಆ ಬೀದಿಯವರು ಗುರುತಿಸಿದರು. ಜಾಗದ ಮಾಲೀಕ ಕೆಟ್ಟವನೇನಲ್ಲ, ಹೆದರಿದವನು. ಎರಡು ದಿನದಲ್ಲಿ ಖಾಲಿ ಮಾಡಿ ಎಂದ. ಅವರು ಎರಡು ದಿನ ಕಾಯಲಿಲ್ಲ, ಅದೇ ರಾತ್ರಿ ಹೋದರು. ಬೆಳಿಗ್ಗೆ ನಾವು ಹೋದಾಗ ತಗಡಿನ ಗೋಡೆ ಮಾತ್ರ ಇತ್ತು. ಶಾಲೆಯ ಹಾಜರಿ ಪುಸ್ತಕದಲ್ಲಿ ಆ ಮಗುವಿನ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಸಾಲಾಗಿ ಬೀಳುತ್ತಾ ಹೋಯಿತು. ತಿಂಗಳುಗಳ ಮೇಲೆ, ಬೇರೆ ರಾಜ್ಯದ ಒಂದು ಊರಿನಲ್ಲಿದ್ದಾರೆ ಎಂಬ ಸುದ್ದಿ ಬಂತು. ಮಗು ಅಲ್ಲಿ ಶಾಲೆಗೆ ಹೋಗುತ್ತಿಲ್ಲವಂತೆ.

ನಾವು ಯಾರನ್ನು ದೂರುವುದು? ಚಿತ್ರ ಕತ್ತರಿಸಿದವರನ್ನು ದೂರಬಹುದು. ಆದರೆ ಚಿತ್ರ ತೆಗೆದವರು ನಾವು.

ಆ ವಾರ ಊರಿಗೆ ಹೋದೆವು. ಅವ್ವನ ಹುಳು ಮೂರನೇ ಜ್ವರಕ್ಕೆ ಕೂತಿತ್ತು. ರೇಷ್ಮೆಹುಳು ನಾಲ್ಕು ಸಲ ಪೊರೆ ಕಳಚುತ್ತದೆ, ಆ ಸ್ಥಿತಿಗೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಹುಳು ತಲೆಯೆತ್ತಿ ಅಲುಗಾಡದೆ ಕೂರುತ್ತದೆ. ಸೊಪ್ಪು ಹಾಕುವುದಿಲ್ಲ, ಮುಟ್ಟುವುದಿಲ್ಲ, ಹೊರಗಿನವರನ್ನು ಹುಳುಮನೆಗೆ ಬಿಡುವುದಿಲ್ಲ. ನಡೆದದ್ದನ್ನು ಕೇಳಿದ ಅವ್ವ ಬಯ್ಯಲಿಲ್ಲ. “ಜ್ವರಕ್ಕೆ ಕೂತ ಹುಳಾನ ಬಂದೋರ್‌ಗೆಲ್ಲ ಎತ್ತಿ ತೋರುಸ್ತಾರಾ ಮಗ? ಚೆನ್ನಾಗದೆ ಅಂತ ತೋರುಸಿದ್ರೂ ಸಾಯೋದು ಹುಳನೇ ಅಲ್ವಾ?” ಎಂದಳು. ನಾವು ಹಾಜರಾದ ಯಾವ ತರಬೇತಿಯಲ್ಲೂ ನಮಗೆ ಇಷ್ಟು ನೇರವಾಗಿ ಯಾರೂ ಹೇಳಿರಲಿಲ್ಲ.

ಅಂದಿನಿಂದ ಕೆಲವು ಕಟ್ಟುಪಾಡು ಮಾಡಿಕೊಂಡೆವು. ಮುಖ ತೋರಿಸುವುದಿಲ್ಲ. ಬೀದಿ, ಟ್ಯಾಂಕು, ಶಾಲೆಯ ಬೋರ್ಡು ಯಾವುದೂ ಚಿತ್ರದಲ್ಲಿ ಬರುವುದಿಲ್ಲ. ಒಪ್ಪಿಗೆ ಕೇಳುವವರು ಅಕ್ಕಿ ಕೊಡುವವರಾಗಿರುವುದಿಲ್ಲ. ಅವರ ಭಾಷೆಯಲ್ಲೇ ಕೇಳುತ್ತೇವೆ, ಒಂದು ವಾರ ಬಿಟ್ಟು ಮತ್ತೆ ಕೇಳುತ್ತೇವೆ. ಬೇಡ ಎಂದರೂ ನೆರವು ನಿಲ್ಲುವುದಿಲ್ಲ ಎಂದು ಮೊದಲೇ ಹೇಳುತ್ತೇವೆ. ಇದರಿಂದ ಕರಪತ್ರ ಸಪ್ಪೆಯಾಯಿತೆಂದು ದಾನಿಗಳು ಆಕ್ಷೇಪಿಸಿದ್ದುಂಟು, ದೇಣಿಗೆ ಕಡಿಮೆಯಾದದ್ದೂ ಉಂಟು. ಅದು ಸಣ್ಣ ನಷ್ಟವಲ್ಲ, ಕಡಿಮೆಯಾದ ದೇಣಿಗೆ ಎಂದರೆ ಯಾವುದೋ ಮನೆಗೆ ಕಡಿಮೆಯಾದ ಔಷಧಿ. ಆದರೂ ಮಗುವಿನ ಮುಖ ಮಾರಿ ತಂದ ಔಷಧಿ ಬೇಡವೆಂದು ನಿರ್ಧರಿಸಿದ್ದೇವೆ.

ಇನ್ನೊಂದನ್ನೂ ಕಲಿತೆವು. ಊರಿಗೆಲ್ಲ ಸಾರುವ ಮೊದಲು ಪಕ್ಕದ ಮನೆಯವರಿಗೆ ಹೇಳಬೇಕು. ಈಗ ಒಂದು ಕುಟುಂಬ ಹೊಸ ಬೀದಿಗೆ ಬಂದರೆ, ಅವರು ಒಪ್ಪಿದರೆ ಮಾತ್ರ, ನಾವು ಮೊದಲು ಜಾಗದ ಮಾಲೀಕ, ಅಂಗನವಾಡಿ ಟೀಚರು, ಮೂಲೆಯ ಅಂಗಡಿಯವರ ಬಳಿ ಹೋಗಿ ಕೂರುತ್ತೇವೆ. ಇವರು ಯಾರು, ಯಾಕೆ ಬಂದರು, ಕಾನೂನು ಏನು ಹೇಳುತ್ತದೆ ಎಂದು ಹೇಳಿ, ಅವರ ಪ್ರಶ್ನೆಗಳಿಗೆ ಬೇಸರಿಸದೆ ಉತ್ತರಿಸುತ್ತೇವೆ. ಇದಕ್ಕೆ ಫೋಟೋ ಇಲ್ಲ, ವರದಿಯಲ್ಲಿ ಬರೆದರೆ ಎರಡು ಸಾಲು. ಆದರೆ ಬಾಗಿಲು ಬಡಿದ ರಾತ್ರಿ ಆ ಕುಟುಂಬದ ಪರ ನಿಲ್ಲುವವರು ದೂರದ ಓದುಗರಲ್ಲ, ಮೂಲೆಯ ಅಂಗಡಿಯವರು.

ಕಳೆದ ಸಲ ಊರಿನ ಅರಳಿಕಟ್ಟೆಯಲ್ಲಿ ಈ ಮಾತು ಬಂತು. ಹಿರಿಯರೊಬ್ಬರು ಕೇಳಿದರು: “ಮೇಕೆದಾಟು ಕಟ್ಟಿದ್ರೆ ನಮ್ ಕಡೆ ಕೆಲವು ಹಟ್ಟಿನೂ ಮುಳುಗ್ತವೆ ಅಂತಾರೆ. ಆಗ ನಮಗ್ಯಾರಪ್ಪ ಮಾತಾಡೋರು?” ಪ್ರಶ್ನೆ ನ್ಯಾಯವಾದದ್ದೇ. ಅಣೆಕಟ್ಟಿನಿಂದ ಏಳುವವರಿಗೆ ಮತದಾರರ ಪಟ್ಟಿಯಲ್ಲಿ ಹೆಸರಿದೆ, ಪಹಣಿ ಇದೆ, ಎದುರು ನಿಂತು ಕೇಳಲು ಒಬ್ಬ ಶಾಸಕನಿದ್ದಾನೆ. ನಿರಾಶ್ರಿತನಿಗೆ ಇದಾವುದೂ ಇಲ್ಲ, ವ್ಯತ್ಯಾಸ ಅಷ್ಟೇ ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಅವರದು ನಮ್ಗಿಂತ ಕಷ್ಟ” ಎಂದರು. ಅಷ್ಟೊಂದು ಕರಪತ್ರಗಳಿಂದ ನಾವು ಹೇಳಲು ಹೆಣಗಿದ್ದು ಈ ಒಂದು ಮಾತನ್ನೇ.

2024ರ ಕೊನೆಗೆ ಜಗತ್ತಿನಲ್ಲಿ ಬಲವಂತವಾಗಿ ನೆಲೆ ಕಳೆದುಕೊಂಡವರ ಸಂಖ್ಯೆ 12 ಕೋಟಿ ದಾಟಿತ್ತು. ಈ ಅಂಕಿಯನ್ನು ನಾವು ಹಲವು ಮನವಿಗಳಲ್ಲಿ ಬರೆದಿದ್ದೇವೆ. ಆದರೆ ನಮ್ಮ ನಿದ್ದೆ ಕೆಡಿಸುವುದು 12 ಕೋಟಿಯಲ್ಲ. ಬರೆಯುತ್ತಾ ಬರೆಯುತ್ತಾ ‘ಮರ’ದವರೆಗೆ ಬಂದು ನಿಂತ ಆ ಕಾಪಿ ಪುಸ್ತಕ. ಆ ಮಗು ಎಲ್ಲಿದ್ದರೂ ಮುಂದಿನ ಪುಟ ಬರೆಯಲಿ. ಅವಳ ಪರವಾಗಿ ಇನ್ನು ಯಾರೇ ಮಾತನಾಡಲಿ, ಮೊದಲು ಅವಳನ್ನು ಕೇಳಿ ಮಾತನಾಡಲಿ.