ಅಪ್ಪಾ, ನೀ ಯಾವಾಗ ನಂಬಿದಿ?

ಫಾರ್ಮು ಇನ್ನೂ ನಮ್ಮ ಫ್ರಿಜ್ಜಿನ ಮೇಲೇ ಇದೆ. ಕಳೆದ ಡಿಸೆಂಬರಿನಲ್ಲಿ ಬೆಟಗೇರಿಯಿಂದ ಅವ್ವ ಫೋನು ಮಾಡಿದ್ದಳು. "ಮೇ ತಿಂಗಳಾಗ ಹುಡುಗೂರನ್ನ ದೃಢೀಕರಣಕ್ಕ ತಗೋತಾರಂತ. ಮಗಳ ಹೆಸರು ಬರಸು. ನನ್ನ ಕಣ್ಣು ಮುಚ್ಚೋದ್ರೊಳಗ ಒಮ್ಮೆ ನೋಡ್ತೀನಿ." ಮರುದಿನವೇ ಫಾರ್ಮು ವಾಟ್ಸಾಪಿಗೆ ಬಂತು. ಯಮುನಾನಗರದ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ತೆಗೆಸಿ, ಮಗಳ ಹೆಸರು, ಹುಟ್ಟಿದ ತಾರೀಖು, ದೀಕ್ಷಾಸ್ನಾನದ ತಾರೀಖು ಎಲ್ಲ ನಾನೇ ತುಂಬಿದೆ. ಕೆಳಗೆ ಎರಡು ಸಹಿ ಬೇಕಿತ್ತು. ತಂದೆಯದ್ದು ಹಾಕಿದೆ. ಮಗಳು ಪೆನ್ನು ಮುಟ್ಟಲಿಲ್ಲ.

ಗೊತ್ತಿಲ್ಲದವರಿಗಾಗಿ ಒಂದು ಮಾತು. ನಮ್ಮ ಸಭೆಯಲ್ಲಿ ಕೂಸಿಗೇ ದೀಕ್ಷಾಸ್ನಾನ ಆಗುತ್ತದೆ. ಆಗ "ನಂಬುತ್ತೇವೆ" ಎಂದು ಉತ್ತರ ಕೊಡುವವರು ಅಪ್ಪ ಅವ್ವ. ಹದಿನಾಲ್ಕು, ಹದಿನೈದು ವರ್ಷಕ್ಕೆ ಅದೇ ಮಗು ಎಲ್ಲರೆದುರು ನಿಂತು ತನ್ನ ಬಾಯಿಂದ ಆ ಉತ್ತರ ಕೊಡಬೇಕು. ಅದೇ ದೃಢೀಕರಣ, ಮಾತಿನಲ್ಲಿ ಕನ್ಫರ್ಮೇಶನ್. ಅದಾದ ಮೇಲೇ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ.

ನನ್ನದು ಆದದ್ದು 1991ರಲ್ಲಿ. ಪ್ರಶ್ನೋತ್ತರಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದೆವು. ಅಯ್ಯನವರು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಹೊರಗೆ ಬೀಳುತ್ತಿತ್ತು. ಆ ದಿನದ್ದು ನನಗೆ ಸರಿಯಾಗಿ ನೆನಪಿರುವುದು ಹೊಸ ಬೂಟು ಹಿಮ್ಮಡಿ ಕಡಿದದ್ದು, ಮಧ್ಯಾಹ್ನದ ಬಿರಿಯಾನಿ. ನಂಬುತ್ತೀಯಾ ಎಂದು ಅಯ್ಯನವರು ಕೇಳಿದ್ದರು, ಹೌದು ಎಂದಿದ್ದೆ. ನನ್ನನ್ನು ನಾನು ಕೇಳಿಕೊಂಡಿರಲಿಲ್ಲ.

ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, ಆಮೇಲೆ 1841ರಲ್ಲಿ ನಮ್ಮ ಬೆಟಗೇರಿಗೆ ಬಂದರು. ನಮ್ಮ ಮನೆತನದಲ್ಲಿ ಮೊದಲು ನಂಬಿದವನು ನೇಕಾರ. ದೀಕ್ಷಾಸ್ನಾನ ಆದ ದಿನದಿಂದ ಅವನಿಗೆ ಓಣಿಯ ಬಾವಿಯ ಹಗ್ಗ ಸಿಗಲಿಲ್ಲವಂತೆ. ಹೆಂಡತಿ ಎರಡು ವರ್ಷ ತವರಿನಿಂದ ಬರಲಿಲ್ಲವಂತೆ. ಅಜ್ಜಿ ಈ ಕತೆಯನ್ನು ಜಂಬದಿಂದ ಹೇಳುತ್ತಿದ್ದಳು. ಅವನಿಗೆ ನಂಬಿಕೆ ಕೊಟ್ಟು ಕೊಂಡ ವಸ್ತು. ನನ್ನ ತನಕ ಬರುವಷ್ಟರಲ್ಲಿ ಅದು ಶಾಲೆಯ ದಾಖಲಾತಿಯ ಒಂದು ಕಾಲಮ್ಮು.

1999ರಲ್ಲಿ ಭೋಸರಿಯ ಕಾರ್ಖಾನೆಯ ಕೆಲಸಕ್ಕೆಂದು ಬಂದು ನಿಗಡಿಯಲ್ಲಿ ಮನೆ ಹಿಡಿದೆ. ಕನ್ನಡದವರು ಎಂದರೆ "ಉಡುಪಿ ಹೋಟೆಲ್ಲಾ?", ಕ್ರೈಸ್ತರು ಎಂದರೆ "ಗೋವೆಯವರಾ?" ಅನ್ನುವ ಊರಿದು. ಎರಡನ್ನೂ ಒಟ್ಟಿಗೆ ಹೇಳಿದರೆ ಮುಖ ನೋಡುತ್ತಾರೆ. ಬೆಂಗಳೂರಿನ ಕನ್ನಡಿಗರೂ ಏನು ಕಡಿಮೆಯಿಲ್ಲ ಬಿಡಿ. ಅವರಿಗೆ 1894ರ ಕಿಟ್ಟೆಲ್ ನಿಘಂಟು ಗೊತ್ತು, ಅವರು ಯಾವ ಮಿಶನ್ನಿನವರು ಎಂದರೆ ಯೋಚಿಸುತ್ತಾರೆ.

ಇಲ್ಲಿ ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಕನ್ನಡ ಪ್ರಾರ್ಥನೆ. ಎಂಟೋ ಹತ್ತೋ ಕುಟುಂಬ. ಹುಬ್ಬಳ್ಳಿ, ಗದಗಿನ ನಾವು ಎಳೆಯುವ ರಾಗ ಒಂದು, ಬೀದರಿನ ಮೆಥಡಿಸ್ಟರದು ಇನ್ನೊಂದು. ಒಂದೇ ಹಾಡಿನ ಕೊನೆಗೆ ಅವರು ಮುಗಿಸಿ ಕೂತ ಮೇಲೆ ನಾವು ಮುಗಿಸುತ್ತೇವೆ. ಪ್ರಾರ್ಥನೆ ಆದ ಮೇಲೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಊರಿನ ಸುದ್ದಿ. ಇಪ್ಪತ್ತು ವರ್ಷ ಇದನ್ನು ನಾನು ತಪ್ಪಿಸಿದ್ದು ಕಡಿಮೆ, ಹಾಗಾಗಿ ನನ್ನ ಭಕ್ತಿಯ ಬಗ್ಗೆ ನನಗೆ ಯಾವ ಸಂಶಯವೂ ಇರಲಿಲ್ಲ. ಲಾಕ್‌ಡೌನಿನಲ್ಲಿ ಕೂಟ ನಿಂತಾಗ ಮಾತ್ರ ಒಂದು ಕಸಿವಿಸಿ. ಮನೆಯಲ್ಲಿ ಸತ್ಯವೇದ ಇತ್ತು, ಹೊತ್ತೂ ಇತ್ತು; ಪುಸ್ತಕ ತೆರೆಯಲಿಲ್ಲ. ನನಗೆ ಕೊರತೆ ಅನ್ನಿಸಿದ್ದು ದೇವರದ್ದಲ್ಲ, ಎದುರಿಗೆ ಕೂತು ಕನ್ನಡ ಮಾತಾಡುವವರದ್ದು. ಪರಊರಿನಲ್ಲಿ ಇರುವ ನಿಮಗೆ ಇದು ಅರ್ಥವಾದೀತು. ಗಣೇಶೋತ್ಸವಕ್ಕೋ ಬಸವ ಜಯಂತಿಗೋ ಕನ್ನಡ ಸಂಘಕ್ಕೆ ಹೋಗುವಾಗ ಕಾಲು ಎಳೆಯುವುದು ದೇವರೋ ಊರೋ ಎಂದು ನೀವೂ ಬಿಡಿಸಿ ನೋಡಿರಲಿಕ್ಕಿಲ್ಲ.

ಮಗಳ ಕಡೆ ಬರುತ್ತೇನೆ. ಪೆನ್ನು ಪಕ್ಕಕ್ಕಿಟ್ಟು ಅವಳಂದಳು: "ಅಪ್ಪಾ, ಇದರಾಗ ನಂಬ್ತೀನಿ ಅಂತ ಹೇಳ್ಬೇಕು. ನಂಗ ಇನ್ನೂ ಗೊತ್ತಿಲ್ಲ."

"ಎಲ್ಲಾರೂ ಹೇಳ್ತಾರವ್ವಾ. ಆಮ್ಯಾಲ ತಾನ ಗೊತ್ತಾಕ್ಕೈತಿ."

"ನೀ ಯಾವಾಗ ನಂಬಿದಿ?"

"ನಾವು ನೂರಾ ಎಂಬತ್ತು ವರ್ಷದ ಕ್ರಿಶ್ಚನ್ನರು."

"ಅದು ಅಜ್ಜಂದು, ಮುತ್ತಜ್ಜಂದು. ನಿಂದು?"

ಉತ್ತರ ಹುಡುಕುತ್ತಿದ್ದೆ. ಅಷ್ಟರಲ್ಲಿ ಅವಳೇ ಮೆಲ್ಲಗೆ, "ನೀ ಕಾಕಾನ ಜೋಡಿ ಆರು ವರ್ಷದಿಂದ ಮಾತಾಡಿಲ್ಲ. ಊರಿಗೆ ಹೋದಾಗೆಲ್ಲ ಇಬ್ರೂ ಎದ್ದು ಹೋಗಿ ಕರ್ತನ ಭೋಜನ ತಗೋತೀರಿ. ನೀ ಆ ಸಾಲಿನ್ಯಾಗ, ಕಾಕಾ ಈ ಸಾಲಿನ್ಯಾಗ" ಅಂದಳು. ನನ್ನಾಕೆ ಅಡಿಗೆಮನೆಯಲ್ಲಿ ನಲ್ಲಿ ಬಂದ್ ಮಾಡಿದ ಸದ್ದು ಕೇಳಿಸಿತು.

ಜಗಳ ಹೊಸದೇನಲ್ಲ, ನಿಮ್ಮ ಮನೆಯಲ್ಲೂ ಇದ್ದೀತು. ಅಪ್ಪ ತೀರಿದ ಮೇಲೆ ತಮ್ಮ ಹಿತ್ತಲಿನ ಮಗ್ಗದ ಕೋಣೆಯ ಜಾಗ ಮಾರಿದ. ನನಗೆ ಹೇಳಲಿಲ್ಲ. ನನ್ನ ಪಾಲೆಂದು ಕಳಿಸಿದ ಹಣ ಬಹಳ ಕಡಿಮೆ ಇತ್ತು. ನಾನು ಬಳಗದವರೆದುರು ಅವನನ್ನು ಕಳ್ಳ ಅಂದೆ. ಅವನು ಅವ್ವನನ್ನು ನೋಡಿಕೊಂಡ ವರ್ಷಗಳು, ಅವಳ ಮೊಣಕಾಲಿನ ಆಪರೇಶನ್ನು, ಇದಾವುದೂ ನನ್ನ ಲೆಕ್ಕದ ಹಾಳೆಯಲ್ಲಿ ಇರಲಿಲ್ಲ. ಕಾಣಿಕೆ ತರುವಾಗ ಸಹೋದರನ ಜೊತೆ ವಿರಸ ಇದೆ ಎಂದು ನೆನಪಾದರೆ ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಎಂದು ಯೇಸು ಹೇಳಿದ ಮಾತು ನನಗೆ ಬಾಯಿಪಾಠ. ಸಂಡೇ ಸ್ಕೂಲಿನಲ್ಲಿ ಅದಕ್ಕೆ ಬಹುಮಾನವೂ ಬಂದಿತ್ತು.

ಜನವರಿಯಲ್ಲಿ ಮಗಳಿಗೆ ಶಾಲೆಯಲ್ಲಿ ಪಂಡಿತಾ ರಮಾಬಾಯಿಯವರ ಬಗ್ಗೆ ಪ್ರಾಜೆಕ್ಟು ಬಂತು. ಒಂದು ಭಾನುವಾರ ಆಕುರ್ಡಿಯಿಂದ ಲೋಕಲ್ಲು ಹಿಡಿದು ಪುಣೆಗೆ, ಅಲ್ಲಿಂದ ದೌಂಡ್ ಗಾಡಿಯಲ್ಲಿ ಕೇಡಗಾಂವಕ್ಕೆ ಹೋದೆವು. ಅವರ ಮುಕ್ತಿ ಮಿಶನ್ ಇರುವುದು ಅಲ್ಲೇ. ನಮ್ಮ ಗದಗ ಗಾಡಿಯೂ ಇದೇ ಹಳಿಯ ಮೇಲೆ ಹೋಗುತ್ತದೆ. ಅಷ್ಟು ವರ್ಷ ನಾನು ಆ ಸ್ಟೇಷನ್ನನ್ನು ನಿದ್ದೆಯಲ್ಲೇ ದಾಟಿದ್ದೆ.

ರಮಾಬಾಯಿಯವರ ತಂದೆ ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಜನ ಆಡಿಕೊಂಡಾಗ ಘಟ್ಟದ ಗಂಗಾಮೂಲದ ಕಾಡಿಗೆ ಹೋಗಿ ನೆಲೆಸಿದವರು. 1858ರಲ್ಲಿ ರಮಾಬಾಯಿ ಹುಟ್ಟಿದ್ದು ಅಲ್ಲಿ. ಬರದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡು, ಕಲಕತ್ತೆಯಲ್ಲಿ ಪಂಡಿತಾ ಎಂಬ ಬಿರುದು ಪಡೆದು, ವಿಧವೆಯಾಗಿ, 1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ದೀಕ್ಷಾಸ್ನಾನ ಪಡೆದರು. ಇಷ್ಟು ಪಠ್ಯದಲ್ಲಿ ಸಿಗುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆಮೇಲಿನದು. ದೀಕ್ಷಾಸ್ನಾನ ಆದ ಮೇಲೂ ಅವರು ಅಲ್ಲಿನ ಸನ್ಯಾಸಿನಿಯರ ಜೊತೆ ಪತ್ರದಲ್ಲಿ ವಾದಕ್ಕೆ ನಿಂತರು. ತಮಗೆ ಮನವರಿಕೆಯಾಗದ ಸಿದ್ಧಾಂತವನ್ನು ಸಭೆ ಹೇಳುತ್ತದೆ ಎಂಬ ಒಂದೇ ಕಾರಣಕ್ಕೆ ಒಪ್ಪುವುದಿಲ್ಲ, ಒಂದು ನೊಗ ಕಳಚಿ ಬಂದವಳು ಇನ್ನೊಂದಕ್ಕೆ ಕೊರಳು ಕೊಡುವುದಿಲ್ಲ ಎಂಬ ಧಾಟಿ. ಇನ್ನೂ ದೊಡ್ಡದು ಅವರು 1907ರಲ್ಲಿ ಬರೆದ ಸಾಕ್ಷಿಯಲ್ಲಿದೆ: ದೀಕ್ಷಾಸ್ನಾನದಿಂದ ತಮಗೆ ಕ್ರೈಸ್ತಧರ್ಮ ಸಿಕ್ಕಿತ್ತು, ಕ್ರಿಸ್ತನು ಸಿಕ್ಕಿರಲಿಲ್ಲ, ಅದು ತಿಳಿಯಲಿಕ್ಕೆ ವರ್ಷಗಳೇ ಬೇಕಾದವು ಎಂದು. ಹ್ಯಾಸ್ಲಮ್ ಎಂಬ ಇಂಗ್ಲಿಷ್ ಪಾದ್ರಿಯ ಪುಸ್ತಕ ಓದಿದಾಗ ಅವರಿಗೆ ಇದು ಹೊಳೆದದ್ದಂತೆ. ಆ ಪಾದ್ರಿ ವರ್ಷಗಟ್ಟಲೆ ಬೋಧಿಸಿದ ಮೇಲೆ, ಒಂದು ದಿನ ಪುಲ್ಪಿಟ್ಟಿನ ಮೇಲೆ ನಿಂತಿದ್ದಾಗ, ತಾನೇ ನಂಬಿದವನು ಎಂದು ಕಂಡುಕೊಂಡವನು. ಊರಿಗೆಲ್ಲ ಪ್ರಸಂಗ ಮಾಡಿದವನ ಕತೆಯೇ ಹೀಗೆ.

ವಾಪಸು ಬರುವಾಗ ಗಾಡಿಯಲ್ಲಿ ಮಗಳು, "ಅಕಿಗೂ ಟೈಮ್ ಬೇಕಾತು, ನೋಡು" ಅಂದಳು. ಸಹಿಯ ಮಾತು ಆಮೇಲೆ ನಾನು ಎತ್ತಲಿಲ್ಲ.

ನಮ್ಮ ಕೆಳಗಿನ ಮನೆಯವರು ವಾರಕರಿಗಳು. ಜೂನಿನಲ್ಲಿ ದೇಹೂವಿನಿಂದ ತುಕಾರಾಮರ ಪಾಲಕಿ ಬಂದಾಗ ಭಕ್ತಿ ಶಕ್ತಿ ಚೌಕದಲ್ಲಿ ದಿಂಡಿ ಸೇರಿ ಪಂಢರಪುರದವರೆಗೆ ನಡೆಯುತ್ತಾರೆ. ಅವರ ತಂದೆಯೂ ತುಳಸಿ ಮಾಲೆ ಹಾಕಿದವರು. ಆದರೆ ಇವರು ನಲವತ್ತು ದಾಟುವ ತನಕ ಹಾಕಿರಲಿಲ್ಲವಂತೆ. ಮಾಲೆ ಹಾಕಿದ ಮೇಲೆ ಕುಡಿಯುವಂತಿಲ್ಲ, ಮಾಂಸ ಮುಟ್ಟುವಂತಿಲ್ಲ, ಹಾಗಾಗಿ ಕೈಯಲ್ಲಿ ಹಿಡಿದು ಬಹಳ ದಿನ ಸುಮ್ಮನೆ ಕೂತಿದ್ದರಂತೆ. ಒಂದು ಸಂಜೆ ಲಿಫ್ಟಿನ ಹತ್ತಿರ ಇದನ್ನು ಹೇಳಿದಾಗ ನನಗೆ ಫ್ರಿಜ್ಜಿನ ಮೇಲಿನ ಫಾರ್ಮು ನೆನಪಾಯಿತು.

ಶುಭ ಶುಕ್ರವಾರದ ಹಿಂದಿನ ರಾತ್ರಿ ದುರ್ಗಾ ಟೇಕಡಿಯ ಕಡೆ ವಾಕಿಂಗ್ ಹೋಗಿದ್ದೆ. ಪ್ರಾರ್ಥನೆ ಮಾಡಬೇಕೆಂದು ಹೋದವನಲ್ಲ. ಕೂತಲ್ಲಿ ಬಾಯಿಪಾಠದ ಮಾತು ಒಂದೂ ಬರಲಿಲ್ಲ. "ಕರ್ತನೇ, ನಾನು ನಿನ್ನನ್ನು ಕೇಳದೇ ನಿನ್ನವನು ಅಂದುಕೊಂಡಿದ್ದೆ. ಈಗ ಕೇಳಾಕತ್ತೀನಿ" ಎಂದಷ್ಟೇ ಅಂದೆ. ಬೆಳಕು ಇಳಿಯಲಿಲ್ಲ, ಕಣ್ಣೀರು ಬರಲಿಲ್ಲ, ಸೊಳ್ಳೆ ಕಡಿದವು. ಆದರೆ ಮುಂದೆ ಮಾಡಬೇಕಾದ್ದು ಏನೆಂದು ಸಂಶಯ ಉಳಿಯಲಿಲ್ಲ. ಅಲ್ಲಿಂದಲೇ ತಮ್ಮನಿಗೆ ಫೋನು ಹಚ್ಚಿದೆ.

"ಅವ್ವ ಮಲಗ್ಯಾಳ. ಬೆಳಿಗ್ಗೆ ಅಕಿ ಫೋನಿಗೆ ಹಚ್ಚು" ಅಂದ.

"ಇಲ್ಲೋ, ನಿನಗ ಹಚ್ಚೀನಿ."

ಆ ಕಡೆ ಟಿವಿಯ ದನಿ ಸಣ್ಣದಾಯಿತು.

"ನಿನ್ನ ಕಳ್ಳ ಅಂದಿದ್ದೆ. ತಪ್ಪಾತು."

ಬಹಳ ಹೊತ್ತಾದ ಮೇಲೆ, "ಈಗ್ಯಾಕ? ನನ್ನ ಹತ್ರ ರೊಕ್ಕ ಇಲ್ಲ" ಅಂದ.

"ರೊಕ್ಕಕ್ಕ ಹಚ್ಚಿಲ್ಲ."

"ನೋಡೂಣು" ಎಂದು ಇಟ್ಟ.

ಆಮೇಲೆ ಅವನು ಫೋನು ಮಾಡಿಲ್ಲ. ಈಸ್ಟರಿನ ದಿನ ಇಲ್ಲಿಯ ಮರಾಠಿ ಸಭೆಯಲ್ಲಿ ಎಲ್ಲರೂ ರೊಟ್ಟಿ ತೆಗೆದುಕೊಳ್ಳಲು ಎದ್ದಾಗ ನಾನು ಜಾಗದಲ್ಲೇ ಕೂತಿದ್ದೆ, 1991ರಿಂದ ಮೊದಲ ಸಲ. ಮಗಳು ನನ್ನ ಕಡೆ ನೋಡಿ ಏನೂ ಕೇಳಲಿಲ್ಲ.

ಮೇ ತಿಂಗಳ ಗದಗ ಗಾಡಿಗೆ ಮೂರು ಟಿಕೆಟ್ ತೆಗೆಸಿದ್ದೇನೆ. ತಮ್ಮನ ಮನೆಗೆ ಹೋಗಿ ಎದುರಿಗೆ ಕೂತು ಮಾತಾಡಬೇಕು. ಫಾರ್ಮಿನಲ್ಲಿ ಮಗಳ ಸಹಿ ಇಲ್ಲ. ಹೆಸರು ಬರೆಸಿದಿಯೇನು ಎಂದು ಅವ್ವ ವಾರ ವಾರ ಕೇಳುತ್ತಾಳೆ. ಅವಳಿಗೆ ನಾನಿನ್ನೂ ಹೇಳಿಲ್ಲ.